ಅತ್ತೆಯ ಸ್ವಂತ ಸೈನ್ಯ

ನಮ್ಮ ಸೋದರತ್ತೆಗೆ ಈ ಭೂಮಿಯ ಮೇಲೆ ಹೊರಗಿನ ಶತ್ರು ಒಬ್ಬರೂ ಇಲ್ಲ. ಬೇಕಾದರೆ ಬ್ಯಾಟರಾಯನಪುರದಲ್ಲಿ ಯಾರನ್ನಾದರೂ ಕೇಳಿ. ತಮ್ಮ ಗೇಟಿಗೆ ಅಡ್ಡಲಾಗಿ ಕಾರು ನಿಲ್ಲಿಸಿ ಎಲ್ಲಿಗೋ ಹೋಗಿಬಂದ ಅಪರಿಚಿತನಿಗೆ, ಬಿಸಿಲಲ್ಲಿ ಬಂದಿದ್ದಾನೆ ಪಾಪ ಎಂದು ಮಜ್ಜಿಗೆ ಕೊಟ್ಟು ಕಳಿಸಿದವರು ಅವರು. ಹೊಸದಾಗಿ ಬಣ್ಣ ಬಳಿಸಿದ್ದ ಗೋಡೆಗೆ ಬಾಡಿಗೆದಾರನೊಬ್ಬ ಟೀವಿಗೆಂದು ತೂತು ಕೊರೆಯುತ್ತಿದ್ದಾಗ, ಬೀಳಬಾರದೆಂದು ಅವನ ಸ್ಟೂಲು ಹಿಡಿದುಕೊಂಡು ನಿಂತವರು ಅವರು. ಇಂಥ ಸಾಧ್ವಿ ನಿಮ್ಮ ಕುಟುಂಬದಲ್ಲೂ ಇದ್ದಾರೆಯೇ? ಇದ್ದರೆ ನಿಮಗೆ ನನ್ನ ಸಂತಾಪ! ಹೊರಗೆ ಖರ್ಚಾಗದ ಸಿಟ್ಟನ್ನೆಲ್ಲ ಅವರು ಸ್ವಂತದವರಿಗಾಗಿ ಕೂಡಿಡುತ್ತಿದ್ದರು. ಸಂಬಂಧ ಹತ್ತಿರವಾದಷ್ಟೂ ಬೈಗುಳಕ್ಕೆ ತೂಕ ಹೆಚ್ಚು. ದೂರದ ನೆಂಟರಿಗೆ ಬರೀ ಮೂದಲಿಕೆ. ಮಗ ಸೊಸೆಗೆ ಪ್ರತಿದಿನದ ಪೂಜೆ. ತಮ್ಮನ ಮಗನಾದ ನನಗೆ ಎಲ್ಲವೂ ಸ್ವಲ್ಪ ಸ್ವಲ್ಪ. ಸಿಂಹಪಾಲು ಮಾತ್ರ ಖುದ್ದು ತಮ್ಮನಿಗೆ, ಅಂದರೆ ನಮ್ಮಪ್ಪನಿಗೆ.

ಹಾಗಾಗಿ ಹೆಬ್ಬಾಳದ ಆಸ್ಪತ್ರೆಯ ನರರೋಗದ ಡಾಕ್ಟರು, "ಇವರ ದೇಹವನ್ನು ಕಾಯಬೇಕಾದ ಸೈನ್ಯ ಹೊರಗಿನವರನ್ನು ಬಿಟ್ಟು ತನ್ನವರ ಮೇಲೇ ಬೀಳುತ್ತಿದೆ," ಎಂದಾಗ ನಮ್ಮಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. "ಅದು ನಮಗೆ ಮೊದಲೇ ಗೊತ್ತಿತ್ತು ಡಾಕ್ಟ್ರೇ," ಎಂದು ಒಬ್ಬರು ಹೇಳಿಯೂ ಬಿಟ್ಟರು. ಹೇಳಿದ್ದು ನಾನೋ ಅತ್ತೆಯ ಮಗನೋ ಈಗ ಖಚಿತವಿಲ್ಲ. ಅತ್ತೆಯ ಏಟು ಬಿದ್ದದ್ದು ನನ್ನ ತೋಳಿಗೆ. ಆದ್ದರಿಂದ ನಾನೇ ಇರಬೇಕು.

ಇಂಥ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪವಾಗಿ ಹೇಳುವವರನ್ನು ನಾನು ನಂಬುವುದಿಲ್ಲ. ಕಾಯಿಲೆಗೆ ಒಂದು ಹೆಸರು ಸಿಕ್ಕ ಮೇಲೆ ಹಿಂದಿನದೆಲ್ಲ ಲಕ್ಷಣವಾಗಿ ಕಾಣಿಸುತ್ತದೆ. ಹೆಸರು ಸಿಗುವ ಮುಂಚೆ ಅದೆಲ್ಲ ಬರೀ ಸ್ವಭಾವವಾಗಿತ್ತು.

ಉದಾಹರಣೆಗೆ, ಕೊಡಿಗೇಹಳ್ಳಿಯ ನೆಂಟರ ಗೃಹಪ್ರವೇಶ. ಅತ್ತೆ ಗದ್ದ ಮೇಲೆತ್ತಿ, ಮೂಗಿನ ತುದಿಯಿಂದ ಜಗತ್ತನ್ನು ನೋಡುತ್ತ, ಮಹಾರಾಣಿಯ ಹಾಗೆ ಒಳಗೆ ಬಂದರು. ಅರಿಶಿನ ಕುಂಕುಮದ ತಟ್ಟೆ ಹಿಡಿದ ಹೆಂಗಸರು ಪರಸ್ಪರ ಮುಖ ನೋಡಿಕೊಂಡರು. ಜಮೀನಿಗೆ ಬೆಲೆ ಬಂದ ಮೇಲೆ ಇವಳ ಕತ್ತು ನೆಟ್ಟಗಾಗಿದೆ ಎಂಬ ಮಾತು ಊಟದ ಪಂಕ್ತಿ ಮುಗಿಯುವಷ್ಟರಲ್ಲಿ ಯಲಹಂಕದವರೆಗೆ ಹೋಗಿತ್ತು. ಅಸಲಿಗೆ ನಡೆದದ್ದೇನು? ಅವರ ಕಣ್ಣಿನ ರೆಪ್ಪೆಗಳು ಮಧ್ಯಾಹ್ನ ಕಳೆಯುತ್ತಲೇ ಅಂಗಡಿ ಶಟರಿನ ಹಾಗೆ ಕೆಳಗಿಳಿಯುತ್ತಿದ್ದವು. ಆ ಶಟರಿನಡಿಯ ಸಂದಿಯಿಂದ ದಾರಿ ಕಾಣಬೇಕಾದರೆ ಗದ್ದ ಎತ್ತಲೇಬೇಕು! ಜಂಬ ಪಡಲು ಅವರಿಗೆ ಆಗ ಪುರುಸೊತ್ತೇ ಇರಲಿಲ್ಲ, ಹೊಸ್ತಿಲು ಎಡವದಿದ್ದರೆ ಸಾಕಾಗಿತ್ತು.

ಆಮೇಲೆ ದವಡೆಯ ಪ್ರಸಂಗ. ಅತ್ತೆ ಊಟದ ಹೊತ್ತಿಗೆ ಎಡಗೈಯನ್ನು ಗದ್ದದ ಕೆಳಗೆ ಕೊಟ್ಟು, ತಲೆ ಸ್ವಲ್ಪ ವಾಲಿಸಿ ಕೂರತೊಡಗಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಾವು ಪುಳಕಗೊಂಡೆವು. ಅವರ ಮಗ ಉತ್ಸಾಹದಿಂದ ಆಫೀಸಿನ ರಾಜಕೀಯವನ್ನೆಲ್ಲ ವಿವರಿಸಿದ. ನಾನು ನನ್ನ ಜೀವನದ ದುಃಖಗಳನ್ನು ಹೇಳಿಕೊಂಡೆ. ಅತ್ತೆ ಕೈ ತೆಗೆಯಲಿಲ್ಲ, ಒಂದು ಅಡ್ಡಮಾತಿಲ್ಲ. ಎಂಥ ಸಹನೆ! ಅಗಿದು ಅಗಿದು ಸೋತ ದವಡೆ ತಾನಾಗಿ ಮುಚ್ಚಿಕೊಳ್ಳುತ್ತಿಲ್ಲವೆಂದು ಅವರು ಅದನ್ನು ಕೈಯಿಂದ ಎತ್ತಿ ಹಿಡಿದಿದ್ದರು ಎಂಬುದು ಆಮೇಲೆ ತಿಳಿಯಿತು.

ಎಲ್ಲರಿಗಿಂತ ಹೆಚ್ಚು ಮೋಸ ಹೋದವನು ಬಿಲ್ಡರು. ಮನೆಯ ಹಿಂದೆ ಮೊದಲು ದ್ರಾಕ್ಷಿ ಚಪ್ಪರವಿದ್ದ ತುಂಡು ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಮಾತಿಗೆ ಅವನು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ನಕ್ಷೆ ಬಿಡಿಸಿ ತನ್ನ ಪಾಲಿಗಿಷ್ಟು, ನಿಮಗಿಷ್ಟು ಎಂದ. ಅತ್ತೆ ಅರ್ಧ ಮುಚ್ಚಿದ ಕಣ್ಣಿಂದ, ಗದ್ದ ಎತ್ತಿ, ಅವನನ್ನೇ ನೋಡಿದರು. ಮಾತಿಲ್ಲ. ಅವನು ಬೆವರು ಒರೆಸಿಕೊಂಡು ಇನ್ನೊಂದು ಫ್ಲ್ಯಾಟು ಸೇರಿಸಿದ. ಅತ್ತೆಯ ಬಾಯಿ ತೆರೆಯಿತು, ಮುಚ್ಚಿತು. ಅವನು ಪಾರ್ಕಿಂಗು ಸೇರಿಸಿದ. ಬೋರ್‌ವೆಲ್ಲನ್ನೂ ಸೇರಿಸಿದ ಎಂದು ಅತ್ತೆಯ ಸೊಸೆ ಹೇಳುತ್ತಾಳೆ. ಇಲ್ಲ, ಅದು ಎರಡನೇ ಸಲ ಬಂದಾಗ ಎಂದು ಮಗ ಹೇಳುತ್ತಾನೆ. ನಾನು ಅಲ್ಲಿದ್ದೆನೆಂದು ನನಗೆ ಅನ್ನಿಸುತ್ತದೆ, ಆದರೆ ಅವರಿಬ್ಬರೂ ನಾನಿರಲಿಲ್ಲ ಎನ್ನುತ್ತಾರೆ. ಅತ್ತೆಯದು ಮಾತ್ರ ಒಂದೇ ಪಾಠ.

"ಅವ್ನು ಮೊದ್ಲು ಏಳಿದ್ದಕ್ಕೇ ಒಪ್ಕೊಂಡಿದ್ದೆ ಕಣ್ಲಾ. ಆಯ್ತು ಕಣಪ್ಪ ಅನ್ನೋಕೆ ಬಾಯ್ ತೆಗ್ದೆ, ದನಿನೇ ಬರ್ಲಿಲ್ಲ."

ಈ ದನಿಯೇ ನಮ್ಮನ್ನು ಕೊನೆಗೆ ಎಚ್ಚರಿಸಿದ್ದು. ಬೆಳಿಗ್ಗೆ ತಮಟೆಯ ಹಾಗೆ ಶುರುವಾಗುತ್ತಿದ್ದ ಬೈಗುಳ ಮಧ್ಯಾಹ್ನಕ್ಕೆ ಮೂಗಿನಿಂದ ಬರತೊಡಗುತ್ತಿತ್ತು, ಸಂಜೆಗೆ ವಾಕ್ಯದ ನಡುವೆಯೇ ಆರಿಹೋಗುತ್ತಿತ್ತು. ನನ್ನನ್ನು 'ದಂಡಪಿಂಡ' ಎಂದು ಕರೆಯಲು ಹೊರಟು 'ದಂಡ'ಕ್ಕೇ ನಿಲ್ಲಿಸಬೇಕಾದ ದಿನ ಅವರೂ ಹೆದರಿದರು, ನಾವೂ ಹೆದರಿದೆವು. ಆ ವಾರವೇ ಕುಡಿದ ನೀರು ಗಂಟಲಿಗಿಳಿಯದೆ ಮೂಗಿನಿಂದ ಹೊರಬಂತು. ಅಲ್ಲಿಗೆ ನಗು ಮುಗಿಯಿತು. ಕಾರು ಹೆಬ್ಬಾಳದ ಕಡೆ ತಿರುಗಿತು.

ಡಾಕ್ಟರು ರೆಪ್ಪೆ ನೋಡಿದರು, ತೋಳು ಎತ್ತಿಸಿದರು. ಕಣ್ಣಿಗೆ ಏನಾದರೂ ಎರಡೆರಡಾಗಿ ಕಾಣಿಸುತ್ತದೆಯೇ ಎಂದು ಕೇಳಿದರು. ಅತ್ತೆ ನನ್ನ ಕಡೆ ಕೈ ತೋರಿಸಿದರು.

"ಇವ್ನೇ. ಒಬ್ನೇ ಎಚ್ಚು ಅಂದ್ರೆ, ಇಬ್ರು."

ಆಮೇಲೆ ಡಾಕ್ಟರು ಕೈಗವಸಿನೊಳಗೆ ಐಸು ತುಂಬಿ ಗಂಟು ಹಾಕಿ, ಇಳಿದಿದ್ದ ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು ತೆಗೆದರು. ರೆಪ್ಪೆ ಪರದೆಯ ಹಾಗೆ ಮೇಲೆದ್ದಿತು! ಇದು ಮಂತ್ರವಲ್ಲ, ತಂಪಿಗೆ ಈ ಕಾಯಿಲೆ ಸ್ವಲ್ಪ ಹೊತ್ತು ಸರಿಯುತ್ತದೆ, ಗುರುತಿಸಲು ಇದೊಂದು ಉಪಾಯ ಎಂದು ಅವರು ವಿವರಿಸಿದರು. ನರ 'ಅಲುಗು' ಎಂದು ಹೇಳುತ್ತದೆ, ಸ್ನಾಯುವಿಗೆ ಕೇಳಿಸುವುದಿಲ್ಲ, ಏಕೆಂದರೆ ನಿಮ್ಮದೇ ರಕ್ಷಣಾ ಪಡೆ ಅದರ ಕಿವಿಗೆ ಅಂಟು ಮೆತ್ತಿಬಿಟ್ಟಿದೆ ಎಂದರು. ಎದೆಮೂಳೆಯ ಹಿಂದಿನ ಒಂದು ಗ್ರಂಥಿ ದೊಡ್ಡದಾಗಿದೆ, ಅದರಲ್ಲೊಂದು ಗಂಟೂ ಇದೆ, ತೆಗೆಯಬೇಕು. ಆದರೆ ಈಗಲೇ ಅಲ್ಲ. ನುಂಗುವ ಶಕ್ತಿ, ಉಸಿರಿನ ಶಕ್ತಿ ಮೊದಲು ಸುಧಾರಿಸಬೇಕು. ಇಲ್ಲದಿದ್ದರೆ ಆಪರೇಷನ್ ಆದಮೇಲೆ ಉಸಿರು ತಾನಾಗಿ ಮರಳದೆ ಹೋದೀತು.

ಇದನ್ನು ಕೇಳಿ ಅತ್ತೆ ಸೆರಗನ್ನು ಎದೆಯ ಮೇಲೆ ಎಳೆದುಕೊಂಡದ್ದು ಎಸಿಯ ಚಳಿಗೋ ಭಯಕ್ಕೋ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ವಿಚಾರಣೆ ಶುರುವಾಯಿತು. ಅತ್ತೆಯ ಮನೆಯ ಮೇಲಿನ ಮಹಡಿಯಲ್ಲಿ ಗದಗಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಬಳ್ಳಾರಿ ರಸ್ತೆಯ ಆಚೆ ಯಾವುದೋ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳು ಓದುತ್ತಿದ್ದದ್ದೇ ಈ ಸೈನ್ಯದ ವಿಷಯ ಎಂದು ತಿಳಿದದ್ದೇ ತಡ, ಮರುದಿನ ಬೆಳಿಗ್ಗೆ, ದನಿ ಗಟ್ಟಿಯಿದ್ದಾಗಲೇ, ಅತ್ತೆ ಅವಳನ್ನು ಕೆಳಗೆ ಕರೆಸಿ ಕಟಕಟೆಯಲ್ಲಿ ನಿಲ್ಲಿಸಿದರು. ನನ್ನ ಸೈನ್ಯ ನನ್ನ ಮೇಲೇ ಏಕೆ ಬಿತ್ತು? ಯಾರು ಹೇಳಿಕೊಟ್ಟರು?

ಹುಡುಗಿ ತಾಳ್ಮೆಯಿಂದ ಹೇಳಿದಳು. ಎದೆಯ ಆ ಗ್ರಂಥಿ ಎಳೆಯ ಸೈನಿಕ ಕಣಗಳ ಶಾಲೆ. ಅಲ್ಲಿ ದೇಹದ ಎಲ್ಲ ಭಾಗಗಳ ಪ್ರೋಟೀನುಗಳ ಚೂರುಗಳನ್ನು ಅವುಗಳ ಮುಂದೆ ಹಿಡಿಯುತ್ತಾರೆ. ಇದು ಕಣ್ಣಿನದು, ಇದು ಚರ್ಮದ್ದು, ಇದು ಲಿವರಿನದು. ತನ್ನದನ್ನೇ ಕಂಡು ಸಿಟ್ಟಾಗುವ ಕಣವನ್ನು ಬಹುಮಟ್ಟಿಗೆ ಅಲ್ಲೇ ಮುಗಿಸುತ್ತಾರೆ.

"ಮದ್ವೆ ಮನೇಲಿ ಮದುಮಗನ್ನ ನಿಲ್ಸಿ ಇವ್ರು ಚಿಕ್ಕಪ್ಪ, ಇವ್ರು ದೊಡ್ಡಮ್ಮ, ಕಾಲಿಗ್ ಬೀಳು ಅಂತೀವಲ್ಲ, ಅಂಗೆ," ಎಂದರು ಅತ್ತೆ. "ಬೀಳ್ದೇ ಇದ್ದೋನ್ನ ಅಲ್ಲೇ ಒದ್ದು ಓಡ್ಸೋದು."

"ಹೂಂನ್ರಿ ಆಂಟಿ. ಅದ ಸಾಲಿ. ವಯಸ್ಸಾದಂಗ ಆ ಸಾಲಿ ಸಣ್ಣಾಗಿ ಮುಚ್ಚಬೇಕು. ನಿಮ್ದು ಇನ್ನೂ ದೊಡ್ಡದೈತಿ."

"ನಮ್ಮಲ್ಲಿ ಯಾವ್ದು ಸಣ್ಣದೈತೆ?" ಎಂದು ಅತ್ತೆ ಹೆಮ್ಮೆಪಟ್ಟರು.

ಶಾಲೆ ದಾಟಿ ಬಂದ ತುಂಟರಿಗೂ ಕಡಿವಾಣವಿದೆಯಂತೆ. ಒಂದು ಗುರುತು ಕಂಡಾಕ್ಷಣ ಕಣ ಹೊಡೆದಾಟಕ್ಕಿಳಿಯುವುದಿಲ್ಲ. ಹೊಡಿ ಎಂಬ ಎರಡನೇ ಸನ್ನೆಯೂ ಬೇಕು. ಅದು ಬರದಿದ್ದರೆ ಮಂಕಾಗಿ, ಸಹಿಸಿಕೊಂಡು ಕೂರುತ್ತದೆ. ಸಿಟ್ಟೇರಿದರೂ ಆ ಸಿಟ್ಟನ್ನು ಉರಿಸುವುದು ಕಣದೊಳಗಿನ ಕೆಲವು ಪ್ರೋಟೀನುಗಳು. ಕೆಲಸ ಮುಗಿದ ಮೇಲೆ ಬೇರೆ ಪ್ರೋಟೀನುಗಳು ಬಂದು ಅವುಗಳ ಬೆನ್ನಿಗೆ ಒಂದು ಚೀಟಿ ಅಂಟಿಸುತ್ತವೆ. ಚೀಟಿ ಬಿದ್ದದ್ದನ್ನು ಕಣ ಚೂರು ಮಾಡಿ ಮುಗಿಸುತ್ತದೆ, ತಣ್ಣಗಾಗುತ್ತದೆ. ಚೀಟಿ ಅಂಟಿಸುವುದು ತಪ್ಪಿದರೆ ಸಿಟ್ಟು ಉಳಿದುಬಿಡುತ್ತದೆ.

ಅತ್ತೆ ಬೀದಿಯ ಕಡೆ ನೋಡಿದರು. ಹಸಿ ಕಸ, ಒಣ ಕಸ ಎಂದು ಕೂಗುತ್ತ ಹೋಗುವ ಆಟೋ ಅಂದು ಬಂದಿರಲಿಲ್ಲ. ಬಕೆಟ್ಟುಗಳು ಸಾಲಾಗಿ ಕಾಯುತ್ತಿದ್ದವು.

"ಅಂಗಾದ್ರೆ ನನ್ನೊಳಗೂ ಕಸದ ಆಟೋನೋರು ಸ್ಟ್ರೈಕ್ ಮಾಡವ್ರೆ ಅನ್ನು."

ಹುಡುಗಿ ಪ್ರಾಮಾಣಿಕಳು. ನಿಮ್ಮ ವಿಷಯದಲ್ಲಿ ಯಾವ ಹಂತ ಕೆಟ್ಟಿತೆಂದು ನಾನು ಹೇಳಲಾರೆ, ನಾನು ನೋಡುವುದು ಇಲಿಗಳಲ್ಲಿ ಎಂದುಬಿಟ್ಟಳು. ಇಲಿ! ಅತ್ತೆಯ ಮುಖ ಕಪ್ಪಿಟ್ಟಿತು. ಆಮೇಲೆ ಅವರಿಗೆ ಮತ್ತೊಂದು ಹೊಳೆಯಿತು. ನಮ್ಮ ಉಗ್ರಾಣದಲ್ಲಿ ಬೇಕಾದಷ್ಟಿವೆ, ಹಿಡಿದುಕೊಂಡು ಹೋಗು, ನಮ್ಮ ಮನೆಯ ರಾಗಿ ತಿಂದು ಬೆಳೆದವು, ನಮ್ಮ ಗುಣವೇ ಇರುತ್ತದೆ ಎಂದು ಒತ್ತಾಯ ಮಾಡಿದರು. ಲ್ಯಾಬಿನ ಇಲಿಗಳು ಬಿಳಿ, ಅವಕ್ಕೆ ಗಾಳಿ, ನೀರು, ಆಹಾರ ಎಲ್ಲ ಶುದ್ಧ ಮಾಡಿ ಕೊಡುತ್ತಾರೆ ಎಂದು ಕೇಳಿ, ಬಾಡಿಗೆದಾರರಿಗಿಂತ ಅವೇ ವಾಸಿ ಎಂದು ಬಿಟ್ಟರು.

ಅಂದಿನಿಂದ ವಿಜ್ಞಾನ ನಮ್ಮ ಮನೆಯಲ್ಲಿ ದುರುಪಯೋಗವಾಗತೊಡಗಿತು. ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕಿದರೆ, "ಇದು ಮೊದಲ್ನೇ ಸನ್ನೆ, ಸಯಿಸ್ಕೊಂಡಿವ್ನಿ," ಎಂಬ ಎಚ್ಚರಿಕೆ. ಎರಡನೇ ಸಲಕ್ಕೆ ಯುದ್ಧ, ದನಿ ಇರುವಷ್ಟು ಹೊತ್ತು.

ಎರಡು ಬಗೆಯ ಔಷಧಿ ಕೊಟ್ಟಿದ್ದರು. ಸೈನ್ಯವನ್ನು ಜೋಗುಳ ಹಾಡಿ ಮಲಗಿಸುವ ಮಾತ್ರೆ ಒಂದು, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇನ್ನೊಂದು, ನರದ ಮಾತು ಸ್ನಾಯುವಿಗೆ ಕೇಳಿಸುವ ಹಾಗೆ ಕೆಲವು ಗಂಟೆ ದಾರಿ ಮಾಡುವ ಮಾತ್ರೆ. ಇದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು, ಬಂದ ಬಲವನ್ನು ಊಟಕ್ಕೇ ಬಳಸಬೇಕು, ಆಗ ರಾತ್ರಿಯ ಊಟವೂ ಸಲೀಸಾಗಿ ಇಳಿಯುತ್ತದೆ, ಮೈ ಹತ್ತುತ್ತದೆ, ಆಪರೇಷನ್‌ಗೆ ದಿನ ಗೊತ್ತುಮಾಡಬಹುದು. ಇಷ್ಟು ಸರಳ. ಆದರೆ ಪ್ರತಿ ಸಲ ಯಂತ್ರದ ಮೇಲೆ ನಿಂತಾಗಲೂ ಅತ್ತೆಯ ತೂಕ ಇಳಿದೇ ಇರುತ್ತಿತ್ತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತೀರಾ ಎಂದರೆ, ಊಟಕ್ಕೆ ಮೊದಲೇ ಎಂದು ದೇವರಾಣೆ ಹಾಕುತ್ತಿದ್ದರು. ಡಾಕ್ಟರು ತಲೆ ಕೆರೆದುಕೊಂಡು ದಿನಾಂಕ ಮುಂದೂಡುತ್ತಿದ್ದರು. ಮನೆಯಲ್ಲಿ ರಾತ್ರಿ ಅತ್ತೆ ಗಂಜಿ ಕುಡಿದು, ಅರ್ಧ ಚೆಲ್ಲಿ, ಸೊಸೆ ಬರುವುದರೊಳಗೆ ಬಟ್ಟಲು ತೊಳೆದಿಡುತ್ತಿದ್ದರು. ಗಂಟಲಿನ ಬಲ ಹೀಗೇ ಇಳಿದರೆ ಮುಂದಿನದು ಉಸಿರು ಎಂದು ಡಾಕ್ಟರು ಅತ್ತೆಯ ಮಗನನ್ನು ಹೊರಗೆ ಕರೆದು ಹೇಳಿದ್ದರು.

ಇದೆಲ್ಲದರಲ್ಲಿ ಒಬ್ಬರಿಗೆ ಏನೂ ಗೊತ್ತಿರಲಿಲ್ಲ. ನಮ್ಮಪ್ಪನಿಗೆ. ಅಮ್ಮ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾಗಸಂದ್ರದ ನಮ್ಮ ಮನೆಯಲ್ಲಿ ಅಪ್ಪ ಹಾಲಿನವನ ಜೊತೆಗೂ ಮಾತು ಬಿಟ್ಟಿದ್ದರು, ನನ್ನ ಜೊತೆಗೂ ಬಿಟ್ಟಿದ್ದರು. ಆಸ್ಪತ್ರೆ ಎಂಬ ಶಬ್ದ ಕೇಳಿದರೆ ಎದ್ದು ಹೋಗುತ್ತಿದ್ದರು. ಅವನಿಗೆ ತಿಳಿಸಿದರೆ ನಿಮ್ಮ ಚರ್ಮ ಸುಲಿಯುತ್ತೇನೆ ಎಂದು ಅತ್ತೆ ನಮಗೆಲ್ಲ ತಾಕೀತು ಮಾಡಿದ್ದರು. ಪ್ರತಿ ಸಂಜೆ ಮಾತ್ರ ಬ್ಯಾಟರಾಯನಪುರದಿಂದ ಫೋನು ಬರುತ್ತಿತ್ತು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ! ಏನು ತಿಂದೆ? ಉಪ್ಪಿಟ್ಟಾ? ಮತ್ತೆ ಉಪ್ಪಿಟ್ಟಾ? ನಿನ್ನ ಮೂತಿಗೆ ಅದೇ ಸರಿ. ಸ್ನಾನ ಮಾಡಿದೆಯಾ? ಗಡ್ಡ ಬಿಟ್ಟು ಯಾವ ಮಠ ಸೇರುತ್ತೀಯಾ? ಅಪ್ಪ ಮೊದಮೊದಲು ಹೂಂ ಎನ್ನುತ್ತಿದ್ದರು. ಆಮೇಲಾಮೇಲೆ ಎದುರು ಜವಾಬು ಕೊಡತೊಡಗಿದರು. ಅರ್ಧ ಗಂಟೆ, ಮುಕ್ಕಾಲು ಗಂಟೆ ಇಬ್ಬರೂ ಕಚ್ಚಾಡಿದ ಮೇಲೆ ಅಪ್ಪ ಎದ್ದು, ಏನೋ ಗೊಣಗುತ್ತ, ತಟ್ಟೆ ಹಾಕಿಕೊಂಡು ಉಣ್ಣುತ್ತಿದ್ದರು. ದಿನದಲ್ಲಿ ಅವರ ಗಂಟಲಿನಿಂದ ದನಿ ಬರುತ್ತಿದ್ದದ್ದು ಆ ಹೊತ್ತಿಗೆ ಮಾತ್ರ.

ಸಂಜೆಯ ಹೊತ್ತಿಗೆ ಅತ್ತೆಗೆ ಇಷ್ಟು ದನಿ ಎಲ್ಲಿಂದ ಬರುತ್ತದೆ? ನನಗೆ ಈ ಪ್ರಶ್ನೆ ಬಂದಿತ್ತೇ? ಬಂದಿತ್ತು ಎಂದು ಬರೆದರೆ ಕಥೆ ಚೆಂದವಾಗುತ್ತದೆ. ಬಂದಿರಲಿಲ್ಲ.

ಉತ್ತರ ಸಿಕ್ಕದ್ದು ಗದಗಿನ ಹುಡುಗಿಯಿಂದ. ಒಂದು ಭಾನುವಾರ ನಾನು ಅತ್ತೆಯ ಮನೆಯ ಮೆಟ್ಟಿಲ ಮೇಲೆ ಕೂತು, ತೂಕ ಏಕೆ ಇಳಿಯುತ್ತಿದೆಯೋ ಎಂದು ಅವಳ ಮುಂದೆ ಹಲುಬುತ್ತಿದ್ದೆ. ಮಾತ್ರೆಗಂತೂ ಅಲಾರಂ ಇಟ್ಟುಕೊಟ್ಟಿದ್ದೇನಲ್ಲ ಎಂದಳು ಅವಳು. ಎಷ್ಟು ಹೊತ್ತಿಗೆ ಎಂದೆ. ಹೇಳಿದಳು. ಅದು ಫೋನು ಬರುವ ಹೊತ್ತಿಗೆ ಅರ್ಧ ಗಂಟೆ ಮೊದಲು.

"ಮಾತ್ರೆ ತಗೊಂಡು ಮ್ಯಾಲಿನ ಟೆರೇಸಿಗೆ ಬರ್ತಾರ್ರಿ," ಎಂದಳು ಹುಡುಗಿ. "ಮಧ್ಯಾಹ್ನದಿಂದ ಯಾರ್ ಕೂಡಾನೂ ಮಾತಾಡಂಗಿಲ್ಲ. ದನಿ ಉಳಿಸ್ಕೋತಾರ. ಆಮ್ಯಾಲ ಫೋನ್ ಹಚ್ಚಿ ಬೈತಾರ, ಬೈತಾರ... ಇಟ್ಟಮ್ಯಾಲ ಗ್ವಾಡಿ ಹಿಡ್ಕೊಂಡು ಕೂಡ್ತಾರ. ನಾ ಊಟ ಆದಮ್ಯಾಲ ಬರ್ತಾರ ಅಂತ ತಿಳಿದಿದ್ದೆ."

ಮಾತ್ರೆ ಕೊಟ್ಟ ಗಂಟಲನ್ನು ಅತ್ತೆ ಊಟಕ್ಕೆ ಖರ್ಚು ಮಾಡುತ್ತಲೇ ಇರಲಿಲ್ಲ. ಪೂರಾ ತಮ್ಮನಿಗೆ ಬೈಯುವುದಕ್ಕೇ ಸುರಿದು, ಮಿಕ್ಕ ಸೋತ ಗಂಟಲಿನಲ್ಲಿ ಗಂಜಿ ಕುಡಿಯುತ್ತಿದ್ದರು. ಹೊರಗಿನವರಿಗೆ ಮಜ್ಜಿಗೆ, ನಮಗೆ ಬೈಗುಳ ಎಂಬ ನನ್ನ ಇಷ್ಟು ವರ್ಷದ ತಮಾಷೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಚರ್ಮ ಸುಲಿಸಿಕೊಳ್ಳುವ ಧೈರ್ಯ ಮಾಡಿ ಅಂದೇ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಆಸ್ಪತ್ರೆ ಎಂಬ ಶಬ್ದ ಬಂದಾಗಲೂ ಅಪ್ಪ ಎದ್ದು ಹೋಗಲಿಲ್ಲ. ಸಂಜೆ ಫೋನು ಬಡಿದುಕೊಂಡಿತು. ಅಪ್ಪ ಅದರ ಎದುರು ಕೈಕಟ್ಟಿ ಕೂತರು. ಎತ್ತಲಿಲ್ಲ. ಮತ್ತೆ ಬಡಿದುಕೊಂಡಿತು. ಎತ್ತಲಿಲ್ಲ. ನಾನು ಕೈ ಚಾಚಿದರೆ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ. ಉಣ್ಲಿ."

ಬ್ಯಾಟರಾಯನಪುರದಲ್ಲಿ ಆ ಸಂಜೆ ನಡೆದದ್ದನ್ನು ಸೊಸೆ ವರ್ಣಿಸುತ್ತಾಳೆ. ಮಾತ್ರೆ ನುಂಗಿ ಸಜ್ಜಾಗಿ ನಿಂತ ಗಂಟಲು, ಬೈಯಿಸಿಕೊಳ್ಳಲು ಆಸಾಮಿಯೇ ಇಲ್ಲ! ಅತ್ತೆ ಟೆರೇಸಿನಿಂದ ದಡದಡ ಇಳಿದು ಬಂದರಂತೆ. ಸೊಕ್ಕು ಬಂದಿದೆ ಅವನಿಗೆ ಎನ್ನುತ್ತ ತಟ್ಟೆ ಎಳೆದುಕೊಂಡು, ತಮ್ಮನ ಮೇಲಿನ ಸಿಟ್ಟಿಗೆ ಒಂದು ಮುದ್ದೆ ನುಂಗಿದರಂತೆ. ಎರಡನೆಯದನ್ನೂ ನುಂಗಿದರು ಎಂದು ಮಗ ಸೇರಿಸುತ್ತಾನೆ. ನಾನು ಇದನ್ನು ಪರೀಕ್ಷಿಸಲು ಹೋಗಿಲ್ಲ, ನಂಬಲು ಇಷ್ಟಪಡುತ್ತೇನೆ. ಅಪ್ಪ ಮರುದಿನವೂ ಫೋನು ಎತ್ತಲಿಲ್ಲ, ಅದರ ಮರುದಿನವೂ ಇಲ್ಲ. ಪ್ರತಿ ಸಂಜೆ ಅದು ಬಡಿದುಕೊಂಡು ಆರುವವರೆಗೆ ಎದುರಿಗೆ ಕೂತಿದ್ದು, ಆಮೇಲೆ ತಾವೇ ಎದ್ದು ಉಪ್ಪಿಟ್ಟು ಮಾಡಿಕೊಳ್ಳುತ್ತಿದ್ದರು. ಅತ್ತ ತೂಕದ ಯಂತ್ರದ ಮುಳ್ಳು ಕೊನೆಗೂ ಮೇಲಕ್ಕೆ ಸರಿಯಿತು.

ಆಪರೇಷನ್ ಆಯಿತು. ಉಸಿರಿನ ಕೊಳವೆ ಹಾಕಿದ್ದರು, ತೆಗೆದರು, ಉಸಿರು ತಾನಾಗಿ ಮರಳಿತು. ಡಾಕ್ಟರು ಹೊರಬಂದು ಅಷ್ಟನ್ನು ಹೇಳಿದಾಗ ನಾವೆಲ್ಲ ಒಟ್ಟಿಗೆ ಬಿಟ್ಟ ಉಸಿರಿಗೆ ಆ ಕಾರಿಡಾರಿನ ಕ್ಯಾಲೆಂಡರುಗಳು ಅಲುಗಿದವು ಎಂದರೆ ನೀವು ನಂಬಬೇಕಾಗಿಲ್ಲ. ಗಂಟು ಕೆಟ್ಟದ್ದಲ್ಲ ಎಂಬ ಸುದ್ದಿಯೂ ಆಮೇಲೆ ಬಂತು. ಸೈನ್ಯ ತಣ್ಣಗಾಗಲು ಇನ್ನೂ ಕಾಲ ಬೇಕು, ಮಾತ್ರೆ ಬಿಡುವಂತಿಲ್ಲ, ನೆಗಡಿಯಾದವರು ಹತ್ತಿರ ಸುಳಿಯುವಂತಿಲ್ಲ. ಆದರೆ ಅಪಾಯ ಕಳೆಯಿತು. ಗದಗಿನ ಹುಡುಗಿ ಮೂಲೆಯ ಕುರ್ಚಿಯಲ್ಲಿ ಕೂತು ಸದ್ದಿಲ್ಲದೆ ಅತ್ತಳು. ಇಷ್ಟು ವರ್ಷ ಇಲಿಗಳಿಗೆ ಏನೇ ಆದರೂ ಅವಳು ಅತ್ತಿರಲಿಲ್ಲವಂತೆ.

ವಾರ್ಡಿಗೆ ಬದಲಾಯಿಸಿದ ಮಾರನೆಯ ದಿನ ಅಪ್ಪ ಬಂದರು. ಯಾರೂ ಕರೆದಿರಲಿಲ್ಲ. ನಾಗಸಂದ್ರದಿಂದ ಒಬ್ಬರೇ ಹೊರಟು, ಗೊರಗುಂಟೆಪಾಳ್ಯದಲ್ಲಿ ಬಸ್ಸು ಬದಲಿಸಿ, ಆಸ್ಪತ್ರೆಯ ಬಾಗಿಲ ಹೊರಗೆ ಎಷ್ಟು ಹೊತ್ತು ನಿಂತಿದ್ದರೋ, ಒಳಗೆ ಬಂದರು. ಗಡ್ಡ ಬೋಳಿಸಿದ್ದರು. ಅತ್ತೆ ಅವರನ್ನು ಕಂಡದ್ದೇ ತಡ ಬಾಯಿ ತೆರೆದರು. ಫೋನು ಎತ್ತದ ಅಷ್ಟೂ ಸಂಜೆಗಳ ಬಾಕಿ ಆ ಮುಖದಲ್ಲಿತ್ತು.

"ನೀನ್ ಸುಮ್ಕಿರಕ್ಕ," ಎಂದರು ಅಪ್ಪ. "ಇವತ್ತು ನಾನ್ ಮಾತಾಡ್ತೀನಿ."

ಕುರ್ಚಿ ಎಳೆದುಕೊಂಡು ಕೂತು ಶುರುಮಾಡಿದರು. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟದ್ದು. ಈಗ ಉಪ್ಪಿಟ್ಟು ಗಂಟಾಗದ ಹಾಗೆ ಮಾಡಲು ಬರುವುದು. ಹಾಲಿನವನ ಮಗಳ ಮದುವೆ ಗೊತ್ತಾದದ್ದು. ಆಮೇಲೆ, ದನಿ ಏರಿಸದೆ, ಇಳಿಸದೆ, ಅಮ್ಮನ ಕೊನೆಯ ವಾರದ ವಿಷಯ. ನನಗೂ ಹೇಳಿರದ ವಿಷಯ. ಅವರು ಏನೇನು ಹೇಳಿದರೆಂದು ನಾನಿಲ್ಲಿ ಬರೆಯುವುದಿಲ್ಲ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ, ಎಲ್ಲವೂ ಕೇಳಿಸಲಿಲ್ಲ, ಹೇಳಿದ್ದೂ ನನಗಲ್ಲ. ಅತ್ತೆ ಒಂದು ಮಾತೂ ಆಡದೆ ಮಲಗಿದ್ದರು. ರೆಪ್ಪೆಗಳು ಅರ್ಧ ಇಳಿದಿದ್ದವು, ಅವುಗಳ ಕೆಳಗಿನಿಂದ ತಮ್ಮನನ್ನೇ ನೋಡುತ್ತಿದ್ದರು.

ನರ್ಸ್ ಬಂದು ಭೇಟಿಯ ಹೊತ್ತು ಮುಗಿಯಿತು ಎಂದಳು. ಅತ್ತೆ ಅವಳ ಕಡೆ ತಿರುಗದೆ, ಸೂಜಿ ಚುಚ್ಚಿದ್ದ ಕೈಯನ್ನು ಹಾಸಿಗೆಯಿಂದ ಸ್ವಲ್ಪವೇ ಎತ್ತಿ ಅವಳನ್ನು ತಡೆದರು. ಅಪ್ಪ ಇನ್ನೂ ಹೇಳುತ್ತಿದ್ದರು.